ಬೆರಳ ತುದಿಯ ಅಂಕಿ ಏನು ಹೇಳುತ್ತದೆ? ಉಸಿರಾಟದ ಅಪಾಯವನ್ನು ಮುಂಚಿತವಾಗಿ ಗುರುತಿಸುವ ಬಗೆ

2020-21ರ ಕೊರೋನಾ ದಿನಗಳ ನಂತರ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಪರಿಚಿತವಾಗಿದೆ. ಬೆರಳಿಗೆ ಸಿಕ್ಕಿಸಿದರೆ 98, 96, 93 ಎಂದು ಅಂಕಿ ತೋರಿಸುತ್ತದೆ. ರೋಗಿಯನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದಾಗ ಮೊದಲು ನೋಡುವ ಅಂಕಿಗಳಲ್ಲಿ ಇದೂ ಒಂದು. "96 ಇದೆ, ಇನ್ನು ಹೆದರಬೇಕಾಗಿಲ್ಲ" ಎಂದು ಮನೆಯವರು ಸಮಾಧಾನ ಪಡುವುದೂ ಇದೆ. ಆದರೆ ಅದಕ್ಕೂ ಮೊದಲು ನಾವು ಕೇಳಬೇಕಾದ ಪ್ರಶ್ನೆಯೊಂದಿದೆ: ರೋಗಿಗೆ ಎಷ್ಟು ಆಮ್ಲಜನಕ ಕೊಡುತ್ತಿರುವಾಗ ಈ 96 ಬಂದಿದೆ?

ಉಪಕರಣ ಅಳೆಯುವುದೇನು?

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಮತ್ತು ಬರಿದಾದ ಹಿಮೋಗ್ಲೋಬಿನ್ ಬೆಳಕನ್ನು ಬೇರೆ ಬೇರೆ ರೀತಿಯಲ್ಲಿ ಹೀರಿಕೊಳ್ಳುತ್ತವೆ. ಉಪಕರಣವು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನೂರರಲ್ಲಿ ಎಷ್ಟು ಭಾಗ ತುಂಬಿದೆ ಎಂದು ಲೆಕ್ಕ ಹಾಕುತ್ತದೆ. ಈ ವಿಧಾನವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುಒ ಅವೊಯಾಗಿ.

ಒಂದೇ ಅಂಕಿ, ಎರಡು ಅರ್ಥ

ನಾವು ಉಸಿರಾಡುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಈ ಗಾಳಿಯಲ್ಲಿಯೇ 96 ತೋರಿಸುವ ವ್ಯಕ್ತಿಯ ಶ್ವಾಸಕೋಶ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ. ಅದೇ 96 ತಲುಪಲು ಇನ್ನೊಬ್ಬ ರೋಗಿಗೆ ಮಾಸ್ಕ್ ಮೂಲಕ ಶೇ. 40ರಷ್ಟು ಆಮ್ಲಜನಕ ಬೇಕಾಗಿದ್ದರೆ, ಅವರ ಶ್ವಾಸಕೋಶ ಸೋಲುತ್ತಿದೆ ಎಂದರ್ಥ. ಬೆರಳಿನ ಅಂಕಿ ಮಾತ್ರ ಇಬ್ಬರಲ್ಲೂ ಒಂದೇ.

ಈ ವ್ಯತ್ಯಾಸವನ್ನು ತಿಳಿಯಲು ವೈದ್ಯರು ಸರಳವಾದ ಭಾಗಾಕಾರವೊಂದನ್ನು ಮಾಡುತ್ತಾರೆ. ಬೆರಳಿನ ಅಂಕಿಯನ್ನು, ಕೊಡುತ್ತಿರುವ ಆಮ್ಲಜನಕದ ಪ್ರಮಾಣದಿಂದ ಭಾಗಿಸುತ್ತಾರೆ. ಇದಕ್ಕೆ ಎಸ್-ಎಫ್ ಅನುಪಾತ ಎಂದು ಹೆಸರು. ಮೊದಲನೆಯವರಲ್ಲಿ 96ನ್ನು 0.21ರಿಂದ ಭಾಗಿಸಿದರೆ ಸುಮಾರು 457. ಎರಡನೆಯವರಲ್ಲಿ 96ನ್ನು 0.40ರಿಂದ ಭಾಗಿಸಿದರೆ 240. ಅನುಪಾತ ಕಡಿಮೆಯಾದಷ್ಟೂ ಅಪಾಯ ಹೆಚ್ಚು.

ಭಯಪಡಬೇಕಾದ ಕಾಯಿಲೆ ಯಾವುದು?

ನ್ಯುಮೋನಿಯಾ, ರಕ್ತಕ್ಕೆ ನಂಜೇರುವುದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವುದು, ದೊಡ್ಡ ಅಪಘಾತ, ಮೇದೋಜೀರಕ ಗ್ರಂಥಿಯ ಉರಿಯೂತ ಮುಂತಾದವುಗಳಿಂದ ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿಕೊಳ್ಳಬಹುದು. ಈ ಸ್ಥಿತಿಗೆ ಎ.ಆರ್.ಡಿ.ಎಸ್. ಎನ್ನುತ್ತಾರೆ. 1967ರಲ್ಲಿ ಅಮೆರಿಕದ ವೈದ್ಯರು 12 ರೋಗಿಗಳಲ್ಲಿ ಇದನ್ನು ಮೊದಲು ವಿವರಿಸಿದರು. ಇದನ್ನು ನೇರವಾಗಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಮೂಲ ಕಾರಣಕ್ಕೆ ಚಿಕಿತ್ಸೆ ನೀಡುತ್ತಾ, ಅಗತ್ಯವಿದ್ದರೆ ವೆಂಟಿಲೇಟರ್ ನೆರವಿನಿಂದ ಶ್ವಾಸಕೋಶ ಚೇತರಿಸುವವರೆಗೆ ಕಾಯಬೇಕಾಗುತ್ತದೆ. ಆದುದರಿಂದ ಯಾರಿಗೆ ಇದು ಬರಬಹುದು ಎಂದು ಮೊದಲೇ ಊಹಿಸುವುದು ಬಹಳ ಮುಖ್ಯ.

ಹಿಂದೆ ಇದಕ್ಕೆ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸುವುದೇ ಮುಖ್ಯ ದಾರಿಯಾಗಿತ್ತು. ಬೆರಳಿನ ಉಪಕರಣದಿಂದ ಬರುವ 315 ಎಂಬ ಅನುಪಾತ, ರಕ್ತಪರೀಕ್ಷೆಯಲ್ಲಿ ಕಾಯಿಲೆಯ ಗಡಿಯೆಂದು ಪರಿಗಣಿಸುವ 300ಕ್ಕೆ ಹೆಚ್ಚುಕಡಿಮೆ ಸಮ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2024ರಲ್ಲಿ ಪ್ರಕಟವಾದ ಈ ಕಾಯಿಲೆಯ ಹೊಸ ಜಾಗತಿಕ ವ್ಯಾಖ್ಯಾನವು 315ರ ಗಡಿಯನ್ನು ಒಪ್ಪಿಕೊಂಡಿದೆ. ರಕ್ತಪರೀಕ್ಷೆಯ ಸೌಲಭ್ಯ ಇಲ್ಲದ ಸಣ್ಣ ಆಸ್ಪತ್ರೆಗಳಿಗೆ ಇದು ದೊಡ್ಡ ಉಪಕಾರ.

ಅಧ್ಯಯನ ಏನು ಹೇಳುತ್ತದೆ?

ಅಮೆರಿಕ ಮತ್ತು ಟರ್ಕಿಯ 22 ಆಸ್ಪತ್ರೆಗಳಲ್ಲಿ, ಅಪಾಯದ ಅಂಶಗಳೊಂದಿಗೆ ದಾಖಲಾದ 5,584 ರೋಗಿಗಳನ್ನು ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 377 ಮಂದಿಗೆ, ಅಂದರೆ ನೂರರಲ್ಲಿ ಸುಮಾರು ಏಳು ಮಂದಿಗೆ, ಶ್ವಾಸಕೋಶಕ್ಕೆ ಈ ಬಗೆಯ ತೀವ್ರ ಹಾನಿಯಾಯಿತು. ಇದೇ ಮಾಹಿತಿಯನ್ನು ಆಧರಿಸಿ 2015ರಲ್ಲಿ ಬಂದ ಇನ್ನೊಂದು ವರದಿ, ಆಸ್ಪತ್ರೆಗೆ ಬಂದ ಮೊದಲ ಆರು ಗಂಟೆಗಳ ಎಸ್-ಎಫ್ ಅನುಪಾತವನ್ನು ಪರಿಶೀಲಿಸಿತು. ಅನುಪಾತ ಕಡಿಮೆ ಇದ್ದವರಲ್ಲಿ ಕಾಯಿಲೆ ಹೆಚ್ಚಾಗಿ, ಬೇಗನೆ ಕಾಣಿಸಿಕೊಂಡಿತ್ತು. ಹೀಗೆ ಮೊದಲೇ ಗುರುತಿಸಲ್ಪಟ್ಟ ರೋಗಿಯ ಮೇಲೆ ಹೆಚ್ಚು ನಿಗಾ ಇಡಲು, ಸಕಾಲದಲ್ಲಿ ಐಸಿಯು ಇರುವ ಆಸ್ಪತ್ರೆಗೆ ಸಾಗಿಸಲು ಸಾಧ್ಯ.

ಎಚ್ಚರಿಕೆಯ ಮಾತು

ಈ ಲೆಕ್ಕ ಭವಿಷ್ಯವಾಣಿಯಲ್ಲ. ಬೆರಳಿನ ಅಂಕಿ 97ಕ್ಕಿಂತ ಹೆಚ್ಚಿದ್ದಾಗ ಈ ಅನುಪಾತವನ್ನು ನಂಬಲಾಗದು. ಏಕೆಂದರೆ ಆ ಮಟ್ಟದ ಮೇಲೆ ರಕ್ತದ ಆಮ್ಲಜನಕ ಎಷ್ಟೇ ಏರಿಳಿದರೂ ಅಂಕಿ ಅಷ್ಟಾಗಿ ಬದಲಾಗುವುದಿಲ್ಲ. ತಣ್ಣಗಾದ ಕೈ, ಉಗುರಿನ ಬಣ್ಣ, ಕೈಯ ಅಲುಗಾಟ ಇವು ತಪ್ಪು ಅಂಕಿ ತೋರಿಸಬಹುದು. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವರಲ್ಲಿ ಅಂಕಿ ಸುಳ್ಳಾಗಿ ಚೆನ್ನಾಗಿಯೇ ಕಾಣಬಹುದು. ಕಪ್ಪು ವರ್ಣದ ರೋಗಿಗಳಲ್ಲಿ ಉಪಕರಣದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ಕಪ್ಪು ಮೈಬಣ್ಣದವರು ಬಹಳವಿರುವ ನಮ್ಮ ನಾಡಿನಲ್ಲೂ ಇದನ್ನು ನೆನಪಿಡಬೇಕು.

ನಾವು ಮಾಡಬಹುದಾದದ್ದು

ಲೆಕ್ಕ ಹಾಕುವುದು ವೈದ್ಯರ ಕೆಲಸ. ಆದರೆ ಅದಕ್ಕೆ ಬೇಕಾದ ಮಾಹಿತಿ ಅನೇಕ ವೇಳೆ ಮನೆಯವರ, ರೋಗಿಯ ಜೊತೆ ಹೋಗುವ ಸ್ವಯಂಸೇವಕರ ಕೈಯಲ್ಲಿರುತ್ತದೆ.

- ಆಮ್ಲಜನಕ ಕೊಡುವ ಮೊದಲೇ ಅಂಕಿ ನೋಡಿದ್ದರೆ ಅದನ್ನು ಸಮಯದೊಂದಿಗೆ ಬರೆದಿಡಿ. ಈಗಾಗಲೇ ಆಮ್ಲಜನಕ ಕೊಡುತ್ತಿದ್ದರೆ, ಅಂಕಿ ನೋಡುವುದಕ್ಕಾಗಿ ಅದನ್ನು ತೆಗೆಯಬೇಡಿ.
- ಆಂಬುಲೆನ್ಸಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಕೊಡಲಾಯಿತು, ಮೂಗಿನ ನಳಿಕೆಯೋ ಮಾಸ್ಕೋ ಎಂದು ಕೇಳಿ ತಿಳಿದು ವೈದ್ಯರಿಗೆ ತಿಳಿಸಿ.
- ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2021ರ ನಮ್ಮ ದೇಶದ ಕೊರೋನಾ ಮಾರ್ಗಸೂಚಿಯಲ್ಲಿ, ವಯಸ್ಕರಿಗೆ ನಿಮಿಷಕ್ಕೆ 24 ಅಥವಾ ಹೆಚ್ಚು ಉಸಿರು, ಇಲ್ಲವೇ 90ರಿಂದ 93ರ ನಡುವಿನ ಅಂಕಿ ಇದ್ದರೆ ಆಸ್ಪತ್ರೆಗೆ ದಾಖಲಿಸಬೇಕೆಂದು ಹೇಳಲಾಗಿತ್ತು. 90ಕ್ಕಿಂತ ಕಡಿಮೆಯಿದ್ದರೆ ತೀವ್ರ ಸ್ಥಿತಿ.
- ಬಹುಕಾಲದ ಧೂಮಪಾನದಿಂದ ಶ್ವಾಸಕೋಶ ಕೆಟ್ಟವರಿದ್ದರೆ ಅದನ್ನೂ ತಿಳಿಸಿ. ಅಂಥ ಅನೇಕರಿಗೆ ವೈದ್ಯರು 88ರಿಂದ 92ರ ಗುರಿಯನ್ನೇ ಇಟ್ಟುಕೊಳ್ಳುತ್ತಾರೆ. ಹೆಚ್ಚು ಆಮ್ಲಜನಕ ಅವರಿಗೆ ಹಾನಿ ಮಾಡಬಹುದು.
- ಅಂಕಿ ಚೆನ್ನಾಗಿದ್ದರೂ ರೋಗಿಗೆ ಏದುಸಿರು, ಗೊಂದಲ, ತುಟಿ ನೀಲಿಯಾಗುವುದು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಧರ್ಮಕೇಂದ್ರಗಳಲ್ಲಿ ಆರೋಗ್ಯ ಸೇವೆಗೆ ಆಕ್ಸಿಮೀಟರ್ ಇಟ್ಟುಕೊಂಡಿರುವವರು ಅದರ ಜೊತೆಗೊಂದು ಸಣ್ಣ ಪುಸ್ತಕವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಸಮಯ, ಬೆರಳಿನ ಅಂಕಿ, ಕೊಡುತ್ತಿರುವ ಆಮ್ಲಜನಕ, ಉಸಿರಿನ ಎಣಿಕೆ ಈ ನಾಲ್ಕನ್ನು ಒಂದೇ ಸಾಲಿನಲ್ಲಿ ಬರೆದು ತುರ್ತು ವಿಭಾಗದ ವೈದ್ಯರ ಕೈಗೆ ಕೊಟ್ಟರೆ, ರೋಗಿಯ ಚಿಕಿತ್ಸೆಗೆ ಅಮೂಲ್ಯವಾದ ಕೆಲವು ಗಂಟೆಗಳು ಉಳಿಯುತ್ತವೆ.