ತೇಡೆ ಮುಟ್ಟಿತೆಂದು ಗಡಿಬಿಡಿಯಲ್ಲಿ ಎಳೆಯಬೇಡಿ

ಅಸರ್ ಕಳೆದ ಮೇಲೆ ನೇತ್ರಾವತಿಯ ದಡಕ್ಕೆ ಹೋಗಿ ನೋಡಿ. ಫರಂಗಿಪೇಟೆ, ಅಡ್ಯಾರ್, ಹರೇಕಳ, ಉಳ್ಳಾಲ, ಎಲ್ಲಿ ಹೋದರೂ ನಾಲ್ಕಾರು ಮಂದಿ ಗಾಳ ಹಾಕಿ ಕೂತಿರುತ್ತಾರೆ. ಕೆಲವರ ಕೈಯಲ್ಲಿ ಬರೀ ತಂಗೀಸ್ ದಾರ ಸುತ್ತಿದ ಬಾಟಲಿ. ರಜೆಯಲ್ಲಿ ಊರಿಗೆ ಬಂದ ಗಲ್ಫ್‌ನವರ ಕೈಯಲ್ಲಿ ರೀಲ್ ಇರುವ ಉದ್ದದ ರಾಡ್. "ಏನಾದರೂ ಸಿಕ್ಕಿತಾ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಮುಟ್ತದೆ ಮಾರಾಯ್ರೆ, ಆದರೆ ಸಿಕ್ಕುವುದಿಲ್ಲ."

ನಮ್ಮ ಉತ್ತರವೂ ಬಹಳ ಕಾಲ ಇದೇ ಆಗಿತ್ತು. ನಾವು ಅಂದರೆ ಒಂದೇ ಮನೆತನದ ಮೂವರು. ವಾರದ ರಜೆಗೆ ಹೊಳೆಗೆ ಹೋಗುವುದು, ಸಿಗಡಿಯೆಲ್ಲ ಮೀನಿಗೆ ತಿನ್ನಿಸುವುದು, ಬರಿಗೈಯಲ್ಲಿ ಮನೆಗೆ ಬರುವುದು. ಮನೆಯಲ್ಲಿ ಉಮ್ಮ, "ಸಿಗಡಿಯನ್ನೇ ಸುಕ್ಕ ಮಾಡಿದ್ದರೆ ಒಂದು ಹೊತ್ತಿನ ಊಟಕ್ಕಾದರೂ ಆಗುತ್ತಿತ್ತು" ಅನ್ನುವುದೂ ಮಾಮೂಲಿಯಾಗಿತ್ತು.

ನಮ್ಮ ಕಣ್ಣು ತೆರೆಸಿದವರು ಊರಿಗೆಲ್ಲ ಕಾಕ ಎಂದೇ ಪರಿಚಯವಿರುವ ಒಬ್ಬ ಹಿರಿಯರು. ಅವರ ಕಣ್ಣಿಗೆ ಪೊರೆ ಬಂದಿದೆ, ದಾರದ ತುದಿ ಕಾಣುವುದಿಲ್ಲ. ಆದರೂ ನಮ್ಮ ಪಕ್ಕದಲ್ಲೇ ಕೂತು ಒಂದು ಸಂಜೆ ಅವರು ನಾಲ್ಕು ತೇಡೆ ಎತ್ತಿದರು, ನಮಗೆ ಒಂದೂ ಇಲ್ಲ. "ನೀವು ಕಣ್ಣಲ್ಲಿ ಗಾಳ ಹಾಕ್ತೀರಿ. ತೇಡೆಯನ್ನು ಬೆರಳಲ್ಲಿ ಹಿಡಿಯಬೇಕು" ಅಂದರು.

ಮೀಸೆಯ ಮೀನಿನ ಗುಣ

ಮೀಸೆ ಇರುವ ಮೀನುಗಳು ಕೆಸರಿನ ತಳದಲ್ಲಿ, ಕಲಕಿದ ನೀರಿನಲ್ಲಿ ತಿನ್ನುವಂಥವು. ಅಲ್ಲಿ ಕಣ್ಣಿಗೆ ಕೆಲಸ ಕಡಿಮೆ. ಹುಳಿನೀರಿನ ತೇಡೆಗೆ ಸಾಮಾನ್ಯವಾಗಿ ಆರು ಮೀಸೆ, ತೋಡು-ಕೆರೆಯ ಮುಗುಡಿಗೆ ಎಂಟು. ನಮ್ಮ ನಾಲಗೆಯಲ್ಲಿ ಇರುವಂಥ ರುಚಿಯ ಮೊಗ್ಗುಗಳು ಈ ಮೀಸೆಗಳಲ್ಲಿಯೂ, ಮೈ ಚರ್ಮದಲ್ಲಿಯೂ ಇವೆ. ಅಂದರೆ ಬಾಯಿಗೆ ಹಾಕುವ ಮೊದಲೇ ಮೀನು ನಮ್ಮ ಸಿಗಡಿಯನ್ನು ಮುಟ್ಟಿ, ತಡವಿ ರುಚಿ ನೋಡುತ್ತದೆ.

ದಾರದಲ್ಲಿ ಬರುವ ಮೊದಲ 'ಟಿಕ್ ಟಿಕ್' ಹೆಚ್ಚಾಗಿ ಇದೇ. ಇಲ್ಲವೇ ತುಟಿಯ ತುದಿಯಲ್ಲಿ ಕಚ್ಚಿ ನೋಡಿದ್ದು. ಕೊಕ್ಕೆ ಇನ್ನೂ ಬಾಯಿಯ ಹೊರಗಿದೆ. ಆಗ ಎಳೆದರೆ ಬರೀ ಕೊಕ್ಕೆ ಬರುತ್ತದೆ, ಮೀನೂ ಹೆದರಿ ಓಡುತ್ತದೆ. ಎರಡು ವರ್ಷ ನಾವು ಮಾಡಿದ ತಪ್ಪು ಇದೇ.

ಮುಟ್ಟಿದ್ದು ಗೊತ್ತಾಗುವುದು ಹೇಗೆ?

ಮೊದಲನೆಯದು, ದಾರ ಬಿಗಿಯಾಗಿರಬೇಕು. ಸೀಸ ತಳಕ್ಕೆ ಕೂತ ಮೇಲೆ ಸಡಿಲ ದಾರವನ್ನೆಲ್ಲ ಸುತ್ತಿಕೊಳ್ಳಿ. ಹೊಟ್ಟೆ ಬಿಟ್ಟ ದಾರದಲ್ಲಿ ಸಣ್ಣ ಮುಟ್ಟು ಕೈಯವರೆಗೆ ಬರುವುದೇ ಇಲ್ಲ. ನೀರಿನ ಸೆಳೆತಕ್ಕೆ ಉರುಳದಷ್ಟು ಭಾರದ ಸೀಸ ಸಾಕು, ಅದಕ್ಕಿಂತ ಹೆಚ್ಚು ಬೇಡ. ಸೀಸಕ್ಕೆ ತೂತಿದ್ದು ದಾರ ಅದರೊಳಗೆ ಜಾರುವಂತಿದ್ದರೆ ಇನ್ನೂ ಒಳ್ಳೆಯದು. ಮೀನಿಗೆ ಭಾರ ತಿಳಿಯುವುದಿಲ್ಲ, ನಮಗೆ ಮಾತ್ರ ಮೀನು ತಿಳಿಯುತ್ತದೆ.

ಎರಡನೆಯದು ಬೆರಳು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಗುರಾಗಿ ಹಿಡಿದುಕೊಳ್ಳಿ. ರಾಡ್ ಇದ್ದವರೂ ರೀಲಿನ ಮುಂದೆ ದಾರವನ್ನು ಬೆರಳಿಗೆ ತಾಗಿಸಿಕೊಳ್ಳಬಹುದು. ನೀರಿನ ಸೆಳೆತ ಒಂದೇ ಸಮ ಇರುತ್ತದೆ. ತೇಲಿಬಂದ ಕಸ ಸಿಕ್ಕಿದರೆ ಭಾರ ನಿಧಾನವಾಗಿ ಏರುತ್ತಾ ಹೋಗುತ್ತದೆ. ಏಡಿಯಾದರೆ ಚೂರು ಚೂರೇ ಜಗ್ಗಾಟ, ಮುಂದಕ್ಕೆ ಹೋಗುವುದಿಲ್ಲ. ಮೀನಿನ ಮುಟ್ಟಿಗೆ ಜೀವ ಇರುತ್ತದೆ: ಎರಡು ಸಲ ತಟ್ಟಿ ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ, ಆಮೇಲೆ ಒಂದು ಕಡೆಗೆ ಹೊರಡುತ್ತದೆ.

ಮೂರನೆಯದು ನಮಗೆ ಯಾರೂ ಹೇಳಿರಲಿಲ್ಲ. ಬಿಗಿಯಾಗಿದ್ದ ದಾರ ಇದ್ದಕ್ಕಿದ್ದಂತೆ ಸಡಿಲವಾದರೆ ಅದೂ ಮೀನೇ. ಸಿಗಡಿ ಬಾಯಿಗೆ ಹಾಕಿಕೊಂಡು ಅದು ನಮ್ಮ ಕಡೆಗೇ ಬರುತ್ತಿರುತ್ತದೆ. ನಾವು "ಸೀಸ ಜಾರಿತು" ಅಂದುಕೊಂಡು ಸುಮ್ಮನೆ ಕೂತಿರುತ್ತಿದ್ದೆವು.

ತೋಡಿನಲ್ಲಿ, ಕೆರೆಯಲ್ಲಿ ಮುಗುಡಿಗೆ ಎರೆಹುಳು ಚುಚ್ಚಿ ಬೆಂಡು ಕಟ್ಟುವವರು ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸ ಹಾಕಬೇಕು. ದೊಡ್ಡ ಬೆಂಡು ಪೂರ್ತಿ ತೇಲುತ್ತಿದ್ದರೆ ಸಣ್ಣ ಮುಟ್ಟು ಕಾಣುವುದಿಲ್ಲ. ಬೆಂಡು ನಡುಗಿದರೆ ಮೀನು ತಡವುತ್ತಿದೆ. ಅಡ್ಡ ಮಲಗಿದರೆ ಹುಳುವನ್ನು ತಳದಿಂದ ಎತ್ತಿದೆ. ಒಂದೇ ಕಡೆಗೆ ಜಾರುತ್ತಾ ಮುಳುಗಿದರೆ ಬಾಯೊಳಗಿದೆ, ಆಗ ಕೈ ಎತ್ತಿ.

ಕೊಕ್ಕೆ ಕೂರಿಸುವ ಹೊತ್ತು

ತೇಡೆಗೆ ಕಾಕನ ಲೆಕ್ಕ ಸರಳ. ತಟ್ಟಿದಾಗ ಕೈ ಅಲ್ಲಾಡಿಸಬೇಡಿ. ದಾರ ಹೊರಟಾಗ ಬೆರಳಿನಿಂದ ಒಂದು ಗೇಣು ಬಿಡಿ. ಭಾರ ಒಂದೇ ಸಮ ಕೈಗೆ ಬಂದರೆ, ಆಗ ಎಳೆಯಿರಿ. ಕೈದಾರವಾದರೆ ಮೊಣಕೈಯಿಂದ ಭುಜದವರೆಗೆ ಒಂದೇ ಎಳೆತ. ರಾಡ್ ಆದರೆ ತುದಿಯನ್ನು ನೀರಿನ ಕಡೆಗೆ ಬಗ್ಗಿಸಿ, ಸಡಿಲ ಸುತ್ತಿಕೊಂಡು, ಬದಿಗೆ ಉದ್ದಕ್ಕೆ ಬೀಸಬೇಕು. ನೈಲಾನ್ ದಾರ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ. ದೂರ ಎಸೆದಿದ್ದರೆ ಸಣ್ಣ ಜಗ್ಗು ಕೊಕ್ಕೆಯವರೆಗೆ ತಲುಪುವುದೇ ಇಲ್ಲ. ಹೆಣೆದ ದಾರ ಹಿಗ್ಗುವುದಿಲ್ಲ. ಅದರಲ್ಲಿ ಅಷ್ಟು ಜೋರು ಬೀಸಿದರೆ ಬಾಯಿ ಹರಿದು ಮೀನು ಹೋಗುತ್ತದೆ.

ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರಾಗಿ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಬದಲಿಸಿ. ಸಿಗಡಿಯನ್ನು ಸಣ್ಣದಾಗಿ ಚುಚ್ಚಿ, ಮೊನೆ ಸ್ವಲ್ಪ ಹೊರಗೆ ಕಾಣಲಿ. ದೊಡ್ಡ ತುಂಡು ಕಟ್ಟಿದರೆ ಮೀನು ಅಂಚನ್ನೇ ತಿಂದು ಹೋಗುತ್ತದೆ.

ಕಾದದ್ದೂ ತಪ್ಪಾಯಿತು

ಇದನ್ನೆಲ್ಲ ಕಲಿತ ಹುಮ್ಮಸ್ಸಿನಲ್ಲಿ ನಾವು ಇನ್ನೊಂದು ತುದಿಗೆ ಹೋದೆವು. ಮುಟ್ಟಿದರೂ ಕಾದೆವು, ಹೊರಟರೂ ಕಾದೆವು. ಮೀನು ತಪ್ಪಲಿಲ್ಲ ನಿಜ. ಆದರೆ ಬಂದದ್ದು ಅಂಗೈ ಉದ್ದದ ಮರಿ, ಕೊಕ್ಕೆ ಗಂಟಲಿನ ಕೆಳಗೆ ಇಳಿದಿತ್ತು. ಬಿಡಿಸಲು ಹೋಗಿ ಕಿವಿರಿನಿಂದ ರಕ್ತ ಬಂತು. ನೀರಿಗೆ ಬಿಟ್ಟರೂ ಮಗುಚಿ ತೇಲಿತು.

ಕಾಕ ಬೈಯಲಿಲ್ಲ. "ತೇಡೆಯ ಗಂಡು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಂಡು ಸಾಕ್ತದೆ, ಗೊತ್ತಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಹೆಣ್ಣು ಇಟ್ಟ ಗೋಲಿಯಂಥ ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೆ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. 1980ರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಹೀಗೆ ಬಾಯಲ್ಲಿ ಮೊಟ್ಟೆ ಇದ್ದ ತೇಡೆಗಳೇ ಪರ್ಸೀನ್ ಬಲೆಗೆ ರಾಶಿ ರಾಶಿ ಬಿದ್ದವು, ಮೊಟ್ಟೆಗಳು ಹಾಳಾದವು. ಆಮೇಲೆ ತೇಡೆಯ ಬೆಳೆ ಕುಸಿಯಿತು. ಒಂದು ಕಾಲದಲ್ಲಿ ಬುಟ್ಟಿಗಟ್ಟಲೆ ಬರುತ್ತಿದ್ದ ಮೀನು ಹೇಗೆ ಕಡಿಮೆಯಾಯಿತು ಎಂಬುದನ್ನು ಕಣ್ಣಾರೆ ಕಂಡವರ ಮಾತು ಅದು.

ಅಂದಿನಿಂದ ನಾವು ಎರಡು ನಿಯಮ ಮಾಡಿಕೊಂಡೆವು. ಒಂದು, ಮಕ್ಕಳ ಕೈಗೆ ಕೊಡುವ ಗಾಳಕ್ಕೆ ಸರ್ಕಲ್ ಹುಕ್. ಮೊನೆ ಒಳಕ್ಕೆ ಬಾಗಿರುವ ಈ ಕೊಕ್ಕೆ ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಬೀಸಿ ಎಳೆಯಬಾರದು, ಭಾರ ಬಂದ ಮೇಲೆ ನಿಧಾನವಾಗಿ ಸುತ್ತಿದರೆ ಸಾಕು. ಗಡಿಬಿಡಿಯವರಿಗೆ ಇದಕ್ಕಿಂತ ಒಳ್ಳೆಯ ಕೊಕ್ಕೆ ಇಲ್ಲ. ಎರಡು, ಕೊಕ್ಕೆ ನುಂಗಿದ ಮರಿಯಾದರೆ ಕೀಳಲು ಹೋಗದೆ ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡುವುದು. ಕೊಕ್ಕೆ ಕಿತ್ತ ಮೀನಿಗಿಂತ ಅದು ಬದುಕುವ ಸಾಧ್ಯತೆ ಹೆಚ್ಚು.

ಮುಳ್ಳು ಮತ್ತು ಮಳೆ

ಮೀನು ದಡಕ್ಕೆ ಬಂದ ಮೇಲೆಯೇ ನಿಜವಾದ ಅಪಾಯ. ಬೆನ್ನಿಗೆ ಒಂದು, ಎರಡು ಬದಿಗೆ ಒಂದೊಂದು, ಒಟ್ಟು ಮೂರು ಗಟ್ಟಿ ಮುಳ್ಳು. ಹೆದರಿದಾಗ ಅವು ನೆಟ್ಟಗೆ ನಿಲ್ಲುತ್ತವೆ, ಅವುಗಳಲ್ಲಿ ನಂಜೂ ಇದೆ. ದಪ್ಪ ಬಟ್ಟೆಯಿಂದ ಒತ್ತಿ, ಇಕ್ಕುಳದಿಂದ ಕೊಕ್ಕೆ ಬಿಡಿಸಿ. ಕಾಲಿನಿಂದ ಮೆಟ್ಟಲು ಹೋಗಬೇಡಿ, ರಬ್ಬರ್ ಚಪ್ಪಲಿ ತೂರಿ ಬಂದೀತು. ಚುಚ್ಚಿದರೆ ಗಾಯ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ನೋವು ಇಳಿಯುತ್ತದೆ. ಚುಚ್ಚಿದ ಕೈಗೆ ಬಿಸಿ ಸರಿಯಾಗಿ ತಿಳಿಯದು, ಇನ್ನೊಂದು ಕೈಯಿಂದ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಬಂದರೆ ಡಾಕ್ಟರಲ್ಲಿ ಹೋಗಿ, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಾರ್ಕೆಟಿನಲ್ಲಿ ಮೀನಿಗೆ ಚಿನ್ನದ ಬೆಲೆ. ಎಲ್ಲರ ಕಣ್ಣೂ ಹೊಳೆಯ ಮೇಲೆ. ಆದರೆ ಮೊದಲ ಮಳೆಗೆ ಗದ್ದೆಗೆ ಏರುವ ಉಬರ್ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಹೊಳೆಯೂ ಆಗ ನಮ್ಮ ಮಾತು ಕೇಳುವುದಿಲ್ಲ. ಮಳೆಗಾಲದಲ್ಲಿ ನೀರಿಗೆ ಬಿದ್ದ ಮಕ್ಕಳ ಸುದ್ದಿ ಪ್ರತಿ ವರ್ಷ ಇದೇ ಪೇಪರಿನಲ್ಲಿ ಓದುತ್ತೇವೆ. ಕೆಂಪು ನೀರು ಇಳಿಯುವವರೆಗೆ ಗಾಳ ಅಟ್ಟದಲ್ಲಿರಲಿ. ಉಳಿದ ದಿನಗಳಲ್ಲೂ ಮಕ್ಕಳನ್ನು ಒಬ್ಬರೇ ಕಳಿಸಬೇಡಿ.

ಮಗ್ರಿಬ್‌ಗೆ ಮೊದಲು

ಮೊನ್ನೆ ಕಾಕನ ಮೊಮ್ಮಗ ನಮ್ಮ ಜೊತೆ ಬಂದಿದ್ದ. ಎಂಟು ವರ್ಷದ ಹುಡುಗ, ಮೊಬೈಲ್ ಬಿಟ್ಟು ಕೂತದ್ದೇ ದೊಡ್ಡದು. ಕಾಕ ಹಿಂದೆ ಕೂತು ಅವನ ಬೆರಳಿನ ಮೇಲೆ ತಮ್ಮ ಬೆರಳು ಇಟ್ಟಿದ್ದರು. ನಮಗೆ ಏನೂ ಕಾಣಲಿಲ್ಲ. ಹುಡುಗ ಮಾತ್ರ ಮೆಲ್ಲಗೆ, "ಅಜ್ಜ, ತಟ್ಟಿತು" ಅಂದ.

"ಎಳೀಬೇಡ ಮೋನೆ. ಇನ್ನೂ ಕೇಳ್ತಾ ಉಂಟು ಅದು."

ಸ್ವಲ್ಪ ಹೊತ್ತಿಗೆ ದಾರ ಹೊರಟಿತು. "ಈಗ ಸುತ್ತು." ಬಂದದ್ದು ಮುಕ್ಕಾಲು ಕಿಲೋದ ತೇಡೆ. ಮನೆಯಲ್ಲಿ ಉಮ್ಮ ಬೂದಿ ಹಚ್ಚಿ ತಿಕ್ಕಿ ಲೋಳೆ ತೆಗೆದು, ಹುಣಸೆಹುಳಿ ಜಾಸ್ತಿ ಹಾಕಿ ಸಾರು ಮಾಡಿದರು. ಜೊತೆಗೆ ಪತ್ತಿರ್. ಒಂದು ಬಟ್ಟಲು ಕಾಕನ ಮನೆಗೆ ಹೋಯಿತು. ಬಟ್ಟಲು ವಾಪಸ್ ತಂದ ಹುಡುಗ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: "ಮತ್ತೆ ಯಾವಾಗ ಹೋಗುವುದು?"