ಕಳವಾದ ಚಿನ್ನ ಮನೆ ಸೇರಲು ಎಷ್ಟು ದಿನ?

ಭಾರತದ ಮನೆಗಳಲ್ಲಿರುವ ಚಿನ್ನ ಸುಮಾರು 25,000 ಟನ್ ಎಂಬುದು ವಿಶ್ವ ಚಿನ್ನ ಮಂಡಳಿಯ ಅಂದಾಜು. ಕೋಲಾರದ ಗಣಿಗಳು 2001ರಲ್ಲಿ ಬಾಗಿಲು ಹಾಕುವ ಹೊತ್ತಿಗೆ, 120 ವರ್ಷ ನೆಲ ಬಗೆದು ತೆಗೆದದ್ದು ಹೆಚ್ಚೂಕಡಿಮೆ 800 ಟನ್. ರಿಸರ್ವ್ ಬ್ಯಾಂಕಿನ ಬಳಿ ಇರುವುದು ಸುಮಾರು 880 ಟನ್. ಜಗತ್ತಿನ ಸರ್ಕಾರಗಳ ಪೈಕಿ ಅತಿ ಹೆಚ್ಚು ಚಿನ್ನ ಅಮೆರಿಕದ್ದು, 8,133 ಟನ್. ಅದರ ಮೂರು ಪಟ್ಟು ನಮ್ಮ ಬೀರುಗಳಲ್ಲಿ, ಅಕ್ಕಿ ಡಬ್ಬಗಳಲ್ಲಿ, ದೇವರ ಮನೆಯ ಗೂಡುಗಳಲ್ಲಿದೆ. ಅಮೆರಿಕದ ಚಿನ್ನದ ಅರ್ಧಕ್ಕಿಂತ ಹೆಚ್ಚು ಫೋರ್ಟ್ ನಾಕ್ಸ್ ಸೇನಾ ನೆಲೆಯ ಮಗ್ಗುಲಲ್ಲಿ ಭದ್ರವಾಗಿದೆ. ನಮ್ಮದಕ್ಕೆ ಒಂದು ಡೋರ್‌ಲಾಕ್, ಜೊತೆಗೆ ಪಕ್ಕದ ಮನೆಯವರಿಗೆ ಹೇಳಿಬಂದ ‘ಊರಿಗೆ ಹೋಗ್ತಿದೀವಿ, ಮನೆ ಕಡೆ ಸ್ವಲ್ಪ ನೋಡ್ಕೊಳ್ಳಿ’ ಎಂಬ ಮಾತು.

ಚಿನ್ನ ನೀರಿಗಿಂತ 19 ಪಟ್ಟು ತೂಕ. ಹಾಗಾಗಿ ಬೆಲೆ ಎಷ್ಟೇ ಇರಲಿ, ಜಾಗ ಮಾತ್ರ ಬೇಡುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕನ್ನ ಬಿತ್ತಲ್ಲ, ಅಲ್ಲಿ ಹೋದದ್ದು 17.7 ಕಿಲೋ ಚಿನ್ನ, ಸುಮಾರು 13 ಕೋಟಿ ರೂಪಾಯಿ. ಕರಗಿಸಿದ್ದರೆ ಅಷ್ಟೂ ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಹಿಡಿಯುತ್ತಿತ್ತು! ಐದು ತಿಂಗಳ ಮೇಲೆ ಪೊಲೀಸರು ಅದರ ಬಹುಪಾಲನ್ನು ಹೊರತೆಗೆದದ್ದು ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ 30 ಅಡಿ ಬಾವಿಯಿಂದ.

ಅದು ಉಳಿದದ್ದು ಕುಲುಮೆಗೆ ಹೋಗದೆ ಬಾವಿಗೆ ಹೋದದ್ದರಿಂದ. ಮನೆಗಳ್ಳತನದಲ್ಲಿ ಈ ಅದೃಷ್ಟ ಕಡಿಮೆ. ಶುದ್ಧ ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ಗೆ, ಒಡವೆಯ ಚಿನ್ನ ಅದಕ್ಕೂ ಮೊದಲೇ. ಅಜ್ಜಿಯ ಅವಲಕ್ಕಿ ಸರ, ಮಗಳ ಜುಮುಕಿ ಎಲ್ಲವೂ ಒಂದೇ ಗಟ್ಟಿಯಾದ ಮೇಲೆ ‘ಇದು ನಮ್ಮದು’ ಎಂದು ಬೊಟ್ಟು ಮಾಡಲು ಏನು ಉಳಿಯಿತು? ಹಾಲ್‌ಮಾರ್ಕ್ ಒಡವೆಯ ಮೇಲೆ ಈಗ ಆರು ಅಕ್ಷರ–ಅಂಕಿಗಳ ಗುರುತು, ಎಚ್‌ಯುಐಡಿ, ಇರುತ್ತದೆ. ಆರು ಸ್ಥಾನಗಳಲ್ಲಿ 217 ಕೋಟಿ ಬೇರೆ ಬೇರೆ ಗುರುತು ಬರೆಯಬಹುದು. ಕುಲುಮೆ ಅದನ್ನೂ ಅಳಿಸುತ್ತದೆ.

ಹಾಗಾಗಿ ತನಿಖೆ ಎಂದರೆ ಕುಲುಮೆಯೊಂದಿಗೆ ಓಟ. ಕಳ್ಳಮಾಲು ಇದೆ ಎಂದು ಅನುಮಾನವಿರುವ ಜಾಗದ ಶೋಧಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 97ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ವಾರಂಟ್ ಕೊಡುತ್ತಾರೆ. ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯವರಿಗಷ್ಟೇ ಅದು. ವಾರಂಟ್‌ಗೆ ಕಾದರೆ ಮಾಲು ಕೈತಪ್ಪುತ್ತದೆ ಎನಿಸಿದರೆ 185ನೇ ಕಲಂ ಇದೆ: ತನಿಖಾಧಿಕಾರಿ ಕಾರಣವನ್ನು ಬರೆದಿಟ್ಟು ನೇರವಾಗಿ ನುಗ್ಗಬಹುದು, ಆದರೆ ಆ ಬರಹದ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಸ್ಥಳೀಯ ಪಂಚರು ಕನಿಷ್ಠ ಇಬ್ಬರು ಹಾಜರಿರಬೇಕು. ಅವರೆದುರೇ ಒಡವೆ ತೂಗಿ, ಕವರಿಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಚೀಟಿಗೆ ಸಹಿ ಪಡೆದು ಮಹಜರು ಬರೆಯುತ್ತಾರೆ. 2024ರ ಜುಲೈ 1ರಿಂದ ಇದಿಷ್ಟನ್ನೂ ವಿಡಿಯೊ ಮಾಡುವುದು ಕಡ್ಡಾಯ.

ಶಿಕ್ಷೆಯ ಲೆಕ್ಕವೂ ಬೆರಗಿನದೇ. ಕದಿಯಲೆಂದು ರಾತ್ರಿ ಮನೆಗೆ ಕನ್ನ ಹಾಕಿದವನಿಗೆ ಗರಿಷ್ಠ 14 ವರ್ಷ. ಕಳ್ಳಮಾಲು ಕೊಳ್ಳುವುದನ್ನೇ ದಂಧೆ ಮಾಡಿಕೊಂಡವನಿಗೆ ಜೀವಾವಧಿಯವರೆಗೆ! ಕಳ್ಳನಿಗಿಂತ ಕೊಳ್ಳುವವನೇ ಅಪಾಯ ಎಂದು ಕಾನೂನಿಗೆ ಎಂದೋ ಗೊತ್ತಾಗಿದೆ. ಹಾಗಿದ್ದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಈಚಿನ ವರದಿಗಳನ್ನು ನೋಡಿದರೆ, ದೇಶದಲ್ಲಿ ಕಳವಾದ ಸ್ವತ್ತಿನ ಮೌಲ್ಯದಲ್ಲಿ ಪತ್ತೆಯಾಗುವುದು ಮೂರನೇ ಒಂದು ಪಾಲಿನ ಆಸುಪಾಸು.

ಪತ್ತೆಯಾದ ಮಾತ್ರಕ್ಕೆ ಮನೆ ಸೇರಿತು ಎಂದಲ್ಲ. ಮುಂಬೈನ ಕೊಲಾಬಾದ ಒಂದು ಮನೆಯಲ್ಲಿ 1998ರಲ್ಲಿ ದರೋಡೆಯಾಯಿತು. ಒಂದಷ್ಟು ಚಿನ್ನ ಅದೇ ವರ್ಷ ಪೊಲೀಸರ ಕೈಗೆ ಸಿಕ್ಕಿತು. ಅದು ಆ ಕುಟುಂಬದ ಕೈ ಸೇರಿದ್ದು 2022ರ ಜನವರಿಯಲ್ಲಿ. ಕೆಲವು ಆರೋಪಿಗಳು ತಲೆಮರೆಸಿಕೊಂಡಿದ್ದರಿಂದ ಮುದ್ದೆಮಾಲು ಸರ್ಕಾರಿ ಸುಪರ್ದಿಯಲ್ಲೇ ಕುಳಿತಿತ್ತು. ಅಷ್ಟರಲ್ಲಿ 10 ಗ್ರಾಂ ಚಿನ್ನದ ಬೆಲೆ ನಾಲ್ಕು ಸಾವಿರದಿಂದ ನಲವತ್ತೆಂಟು ಸಾವಿರದ ಹತ್ತಿರಕ್ಕೆ ಏರಿತ್ತು. ವಿಚಿತ್ರವೆಂದರೆ, ಸ್ವತ್ತನ್ನು ಠಾಣೆಯಲ್ಲಿ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಫೋಟೊ ತೆಗೆದು ಬಾಂಡ್ ಬರೆಸಿಕೊಂಡು ವಾರಸುದಾರರಿಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿತ್ತು.

ಈಗ ಹೊಸ ಸಂಹಿತೆಯ 497ನೇ ಕಲಂ ಗಡುವು ಹಾಕಿದೆ. ಸ್ವತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ, ಫೋಟೊ ಅಥವಾ ವಿಡಿಯೊ. ಪಟ್ಟಿಯಾದ 30 ದಿನದೊಳಗೆ ವಿಲೇವಾರಿ ಆದೇಶ. ಒಟ್ಟು 44 ದಿನ. ಆದರೆ ಕೇಳದಿದ್ದರೆ ಗಡುವು ಕಾಗದದಲ್ಲೇ ಉಳಿದೀತು. ಒಡವೆ ಪತ್ತೆಯಾಯಿತು ಎಂದು ಠಾಣೆಯಿಂದ ಫೋನ್ ಬಂದ ಕೂಡಲೇ ವಕೀಲರ ಮೂಲಕ ಅರ್ಜಿ ಹಾಕಿ. ಅದಕ್ಕೂ ಮೊದಲು, ಇವತ್ತೇ, ಪ್ರತಿ ಒಡವೆಯ ಫೋಟೊ ತೆಗೆದು, ತೂಕ ಬರೆದು, ಎಚ್‌ಯುಐಡಿ ಇರುವ ಬಿಲ್ಲಿನ ಜೊತೆ ಬೀರುವಿನ ಹೊರಗೆ ಎಲ್ಲಾದರೂ ಜೋಪಾನ ಮಾಡಿ. ಒಡವೆಯ ಜೊತೆಗೇ ಬಿಲ್ಲನ್ನೂ ಇಟ್ಟರೆ ಕಳ್ಳ ಎರಡನ್ನೂ ಒಯ್ಯುತ್ತಾನೆ.