ಬೆಣ್ಣೆಗೆ ಒಲಿಯುವ ಚಹದ ಕಂಪು

ಅತಿಥಿಗಳ ಮುಂದೆ ಚಹದ ಬಟ್ಟಲನ್ನಿಡುವುದು ಸುಲಭ. ಆ ಚಹದ ಕಂಪನ್ನು ಕೇಕಿನೊಳಗೆ ಅಡಗಿಸುವುದು ಅಷ್ಟು ಸುಲಭವಲ್ಲ. 1840ರ ದಶಕದಿಂದ ಅಪರಾಹ್ಣದ ಚಹಕ್ಕೆ ಆಪ್ತರನ್ನು ಕರೆಯುತ್ತ ಬಂದ ಇಂಗ್ಲೆಂಡಿನಲ್ಲಿ, ಒಬ್ಬೊಬ್ಬರಿಗೆ ಒಂದರಂತೆ ಪುಟ್ಟ ಕೇಕುಗಳನ್ನಿಡುವ ವಾಡಿಕೆಯುಂಟು. ಆದರೆ ಅವುಗಳ ಹಿಟ್ಟಿಗೆ ತೆಳು ಚಹವನ್ನು ಸುರಿದರೆ ಪರಿಮಳವೇ ಇರದು. ಬಹಳ ಹೊತ್ತು ಕುದಿಸಿ ಸುರಿದರೆ ಬಾಯೆಲ್ಲ ಒಗರು.

ಕಾರಣವಿಷ್ಟೆ: ಎಲೆಯ ಒಗರು ನೀರಿಗೆ ಬೇಗ ಇಳಿಯುತ್ತದೆ, ಪರಿಮಳದ ತೈಲಗಳು ಜಿಡ್ಡಿಗೆ ಒಲಿಯುತ್ತವೆ. ಇದಕ್ಕೆ ಅರ್ಲ್ ಗ್ರೇ ಚಹ ಬಹಳ ಹೊಂದುತ್ತದೆ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವನ ಹೆಸರು ಹೊತ್ತ ಈ ಚಹದಲ್ಲಿ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ತೈಲದ ಪರಿಮಳವಿರುತ್ತದೆ.

125 ಗ್ರಾಂ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಎರಡು ಟೀ ಚಮಚ ಚಹದೆಲೆ ಹಾಕಿ, 10 ನಿಮಿಷ ಮುಚ್ಚಿಟ್ಟು, ಚೆನ್ನಾಗಿ ಒತ್ತಿ ಸೋಸಬೇಕು. ಅದು ಆರಿ ಮೆದುವಾಗಿ ಗಟ್ಟಿಗೊಂಡ ಬಳಿಕ 125 ಗ್ರಾಂ ಸಕ್ಕರೆಯೊಡನೆ ಹಗುರಾಗುವ ತನಕ ಕಡೆದು, ಎರಡು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಬೇಕು. ಅನಂತರ 125 ಗ್ರಾಂ ಮೈದಾಹಿಟ್ಟನ್ನೂ ಒಂದು ಟೀ ಚಮಚ ಬೇಕಿಂಗ್ ಪೌಡರನ್ನೂ ಜರಡಿ ಹಿಡಿದು ಬೆರೆಸಿ, 12 ಕಾಗದದ ಬಟ್ಟಲುಗಳಿಗೆ ಹಂಚಬೇಕು.

180 ಡಿಗ್ರಿ ಸೆಲ್ಸಿಯಸ್ ಕಾವಿನ ಓವನಿನಲ್ಲಿ 15ರಿಂದ 18 ನಿಮಿಷ ಸಾಕು. ದೊಡ್ಡ ಕೇಕು ಇನ್ನೂ ಬಹಳ ಹೊತ್ತು ಬೇಯಬೇಕು. ಕಾವು ಹೆಚ್ಚು ಹೊತ್ತು ತಾಕಿದಷ್ಟೂ ಕಂಪು ಹಾರಿಹೋಗುತ್ತದೆ. ಪುಟ್ಟ ಕೇಕಿನ ಹಿರಿಮೆ ಇದೇ. ಬಂದವರು ಅದನ್ನು ಮುರಿದೊಡನೆ, ಚಹದ ಬಟ್ಟಲು ಕೈಗೆ ಬರುವ ಮೊದಲೇ, ಚಹದ ಕಂಪು ಮೂಗಿಗೆ ತಾಕಿದರೆ ಮಾಡಿದವರ ಶ್ರಮ ಸಾರ್ಥಕ.